ಹಲವರು ಬಳಸುವ ಕಾರ್ಯಾಗಾರದಲ್ಲಿ ಉಳಿ, ಕೀಸುಳಿಗಳ ಬಾಯಿಯನ್ನು ಮತ್ತೆ ಸರಿಪಡಿಸುವುದು ಹೇಗೆ?

ಪ್ರಶ್ನೆ: ಮೊಂಡುಳಿ

ಎಲ್ಲರಿಗೂ ನಮಸ್ಕಾರ. ನಾವು ಸುಮಾರು 20 ಮಂದಿ ಒಂದೇ ಕಾರ್ಯಾಗಾರದಲ್ಲಿ ಬಿಡುವಿನ ವೇಳೆಯಲ್ಲಿ ಮರಗೆಲಸ ಮಾಡುತ್ತೇವೆ. ಗರಗಸ, ಕೊಡತಿ, ಉಳಿ, ಕೀಸುಳಿ ಎಲ್ಲವೂ ಎಲ್ಲರಿಗೂ ಸೇರಿದವು. ಯಾವುದು ಮೊಂಡಾದರೂ ಅದನ್ನು ಕೈಗೆತ್ತಿಕೊಂಡವರೇ ತಮಗೆ ತಿಳಿದಂತೆ ಮಸೆಯುತ್ತಾರೆ. ಹೀಗೆ ಒಬ್ಬರಾದ ಮೇಲೊಬ್ಬರು ಮಸೆದು ಮಸೆದು, ಈಗ ಯಾವ ಉಳಿಯ ಬಾಯಿ ಯಾವ ಕೋನದಲ್ಲಿದೆ ಎಂದು ಹೇಳುವುದೇ ಕಷ್ಟವಾಗಿದೆ.

ನಮ್ಮಲ್ಲಿ 6 ಮಿ.ಮೀ.ಯಿಂದ 38 ಮಿ.ಮೀ.ವರೆಗಿನ 8 ಉಳಿಗಳಿವೆ. ಅವುಗಳಲ್ಲಿ ಮೂರರ ಬಾಯಿ ಮೂಲೆಮಟ್ಟಕ್ಕೆ ಕೂಡುವುದಿಲ್ಲ. 12 ಮಿ.ಮೀ. ಉಳಿಯ ಓರೆಮುಖದಲ್ಲಿ (ಬಾಯಿಯತ್ತ ಇಳಿಜಾರಾದ ಮುಖದಲ್ಲಿ) ಒಂದರ ಮೇಲೊಂದರಂತೆ ಮೂರು ಇಳಿಜಾರುಗಳು ಕಾಣುತ್ತವೆ. 25 ಮಿ.ಮೀ. ಉಳಿ ಮರದೊಳಗೆ ಅಡಗಿದ್ದ ಮೊಳೆಗೆ ತಗುಲಿ, ಅದರ ಬಾಯಿಯಲ್ಲಿ ಸುಮಾರು 1.5 ಮಿ.ಮೀ. ಆಳದ ಕಚ್ಚು ಬಿದ್ದಿದೆ. 6 ಮಿ.ಮೀ. ಉಳಿಯನ್ನು ಯಾರೋ ಗ್ರೈಂಡರಿಗೆ ಹಿಡಿದಾಗ ಅದರ ಒಂದು ಮೂಲೆ ನೀಲಿಯಾಗಿದೆ. 50 ಮಿ.ಮೀ. ಅಲಗಿನ ಕೀಸುಳಿಯದು ಬೇರೆಯೇ ಕಥೆ. ಅದರ ಅಲಗು ಮುಂಗೈ ಕೂದಲನ್ನು ಕತ್ತರಿಸುವಷ್ಟು ಹರಿತವಾಗಿದ್ದರೂ ಮರದ ಮೇಲೆ ಇಟ್ಟರೆ ಜಾರುತ್ತದೆ, ಹೂವು (ಮರದ ತೆಳು ಸುರುಳಿ) ಏಳುವುದಿಲ್ಲ.

ಸಲಕರಣೆಗಳೆಂದರೆ 150 ಮಿ.ಮೀ. ಚಕ್ರದ, ನಿಮಿಷಕ್ಕೆ 2850 ಸುತ್ತು ತಿರುಗುವ ಒಂದು ಗ್ರೈಂಡರ್, 1000 ಮತ್ತು 6000 ಗ್ರಿಟ್‌ನ ಎರಡು ನೀರಿನ ಕಲ್ಲುಗಳು (ಗ್ರಿಟ್ ಸಂಖ್ಯೆ ಹೆಚ್ಚಿದಷ್ಟೂ ಕಲ್ಲು ನುಣುಪು; ಎರಡೂ ನಡುವೆ ತಗ್ಗಾಗಿವೆ), ಮತ್ತು ಅಲಗನ್ನು ಎರಡು ಬದಿಯಿಂದ ಅದುಮಿ ಹಿಡಿಯುವ, ಅಡಿಯಲ್ಲಿ ಚಿಕ್ಕ ಗಾಲಿಯಿರುವ ಒಂದು ಹೋನಿಂಗ್ ಗೈಡ್. ಕಳೆದ ವಾರ ಕಚ್ಚು ಬಿದ್ದ ಉಳಿಯನ್ನು 1000 ಗ್ರಿಟ್‌ನ ಕಲ್ಲಿನ ಮೇಲೆಯೇ ಸರಿಪಡಿಸಲು ಎರಡು ಗಂಟೆ ಉಜ್ಜಿದೆ. ಕಚ್ಚು ಹಾಗೆಯೇ ಉಳಿಯಿತು, ಕಲ್ಲು ಮಾತ್ರ ಇನ್ನಷ್ಟು ತಗ್ಗಾಯಿತು.

ಉಕ್ಕಿನ ಹದ, ಅಂದರೆ ಗಡಸುತನ, ಕೆಡದಂತೆ ಆ ಕಚ್ಚನ್ನು ತೆಗೆಯುವುದು ಹೇಗೆ? ನೀಲಿಯಾದ ಉಳಿಯನ್ನು ಎಸೆಯಬೇಕೇ? ಎಲ್ಲ ಉಳಿಗಳಿಗೂ ಒಂದೇ ಕೋನ ಸಾಕೇ? ಹರಿತವಾಗಿದ್ದೂ ಕೀಸುಳಿ ಏಕೆ ಕೆಲಸ ಮಾಡುತ್ತಿಲ್ಲ? ಎಲ್ಲಕ್ಕಿಂತ ಮುಖ್ಯವಾಗಿ, ಒಮ್ಮೆ ಸರಿಪಡಿಸಿದ್ದು ಮುಂದಿನ ತಿಂಗಳು ಮತ್ತೆ ಹೀಗೆಯೇ ಆಗದಂತೆ ಏನು ಮಾಡಬಹುದು?

ಉತ್ತರ: ಸಾಣೆಚಕ್ರ

ನೀವು ಎರಡು ಗಂಟೆ ಉಜ್ಜಿದ್ದೂ, ಇನ್ನೊಬ್ಬರು ಮೂಲೆಯನ್ನು ನೀಲಿ ಮಾಡಿದ್ದೂ ಒಂದೇ ಗೊಂದಲದಿಂದ ಬಂದವು ಎಂದು ನನಗನಿಸುತ್ತದೆ. ಬಾಯಿಯ ಆಕಾರವನ್ನು ಸರಿಪಡಿಸುವುದು ಒಂದು ಕೆಲಸ, ಬಾಯಿಯನ್ನು ಹರಿತಗೊಳಿಸುವುದು ಇನ್ನೊಂದು. ಮೊದಲನೆಯದು ಚಕ್ರದ ಕೆಲಸ, ಎರಡನೆಯದು ಕಲ್ಲಿನ ಕೆಲಸ. ಕಲ್ಲಿನ ಮೇಲೆ ಆಕಾರ ಕೊಡಲು ಹೋದರೆ ಕಲ್ಲು ಸವೆಯುತ್ತದೆ, ಚಕ್ರದ ಮೇಲೆ ಹರಿತ ಮಾಡಲು ಹೋದರೆ ಉಕ್ಕು ಸುಡುತ್ತದೆ.

ಕಚ್ಚಿನ ವಿಚಾರಕ್ಕೆ ಬರುತ್ತೇನೆ. ಹೆಚ್ಚಿನವರು ಉಳಿಯನ್ನು 25 ಡಿಗ್ರಿಗೆ ಓರೆಯಾಗಿ ಹಿಡಿದು, ಕಚ್ಚು ಹೋಗುವವರೆಗೂ ಓರೆಮುಖವನ್ನೇ ಚಕ್ರಕ್ಕೆ ಒತ್ತುತ್ತಾರೆ. ಆಗ ಬಾಯಿಯ ತುದಿ ಕೆಲಸದುದ್ದಕ್ಕೂ ಕಾಗದದಷ್ಟು ತೆಳುವಾಗಿಯೇ ಇರುತ್ತದೆ. ಅಲ್ಲಿ ಹುಟ್ಟಿದ ಶಾಖವನ್ನು ಹಿಂದಕ್ಕೆ ಒಯ್ಯಲು ಬೇಕಾದಷ್ಟು ಉಕ್ಕು ಅಲ್ಲಿಲ್ಲದ ಕಾರಣ ಕ್ಷಣಾರ್ಧದಲ್ಲಿ ತುದಿ ಕಾದು ಬಣ್ಣ ತಿರುಗುತ್ತದೆ. ಮೂಲೆಗಳು ಎರಡು ಕಡೆಯಿಂದ ತೆರೆದುಕೊಂಡಿರುವುದರಿಂದ ಅವೇ ಮೊದಲು ನೀಲಿಯಾಗುತ್ತವೆ, ನಿಮ್ಮ 6 ಮಿ.ಮೀ. ಉಳಿಯಲ್ಲಿ ಆದದ್ದೂ ಇದೇ.

ಇದಕ್ಕೆ ಮದ್ದು, ನೋಡಲು ವಿಚಿತ್ರವಾಗಿದ್ದರೂ, ಮೊದಲು ಬಾಯಿಯನ್ನು ಪೂರ್ತಿ ಮೊಂಡು ಮಾಡುವುದು. ಕಚ್ಚಿನ ತಳಕ್ಕಿಂತ ಕೂದಲೆಳೆಯಷ್ಟು ಹಿಂದೆ, ಉಳಿಯ ಬೆನ್ನಿನ (ಓರೆಮುಖದ ಎದುರಿನ ಚಪ್ಪಟೆ ಮುಖದ) ಮೇಲೆ ಮೂಲೆಮಟ್ಟ ಇಟ್ಟು ಶಾಯಿಯಿಂದ ಗೆರೆ ಎಳೆಯಿರಿ. ಟೂಲ್ ರೆಸ್ಟನ್ನು (ಚಕ್ರದ ಮುಂದೆ ಉಪಕರಣವನ್ನು ಆನಿಸುವ ಪಟ್ಟಿಯನ್ನು) ಚಕ್ರದ ಮಧ್ಯಕ್ಕೆ ನೇರವಾಗಿ ನಿಲ್ಲಿಸಿ, ಉಳಿಯನ್ನು ಅಡ್ಡಲಾಗಿ ಮಲಗಿಸಿ, ಬಾಯಿಯನ್ನು ನೇರವಾಗಿ ಚಕ್ರಕ್ಕೆ ತೋರಿಸಿ ಆ ಗೆರೆಯವರೆಗೆ ತಿನ್ನಿಸಿ. ಬಾಯಿ ಮೂಲೆಮಟ್ಟಕ್ಕೆ ಕೂಡದ ಆ ಮೂರು ಉಳಿಗಳಿಗೂ ಇದೇ ಹೆಜ್ಜೆ. 1.5 ಮಿ.ಮೀ. ಹಿಂದೆ ಸರಿದಾಗ 25 ಡಿಗ್ರಿಯ ಬಾಯಿಯ ತುದಿಯಲ್ಲಿ ಸುಮಾರು 0.7 ಮಿ.ಮೀ. ದಪ್ಪದ ಚಪ್ಪಟೆ ಅಂಚು ಉಳಿಯುತ್ತದೆ. ಇನ್ನು ಓರೆಮುಖವನ್ನು ತಿರುಗಿ ರೂಪಿಸುವಾಗ ಆ ದಪ್ಪ ಅಂಚೇ ಶಾಖವನ್ನು ಹೀರಿಕೊಳ್ಳುತ್ತದೆ. ಚಪ್ಪಟೆ ಅಂಚು ಬೆಳಕಿನಲ್ಲಿ ಬಿಳಿ ಗೆರೆಯಾಗಿ ಹೊಳೆಯುತ್ತದೆ, ಅದು ಬದಿಯಿಂದ ಬದಿಗೆ ಸಮನಾಗಿ ಕಿರಿದಾಗುತ್ತಾ ಬಂದು ಕೂದಲಿನಷ್ಟು ಉಳಿದಾಗ ಚಕ್ರವನ್ನು ಬಿಟ್ಟು ಕಲ್ಲಿಗೆ ಬನ್ನಿ. ಗೆರೆ ಒಂದು ಬದಿಯಲ್ಲಿ ಬೇಗ ಕಿರಿದಾಗುತ್ತಿದ್ದರೆ ಆ ಬದಿಗೆ ಹೆಚ್ಚು ಒತ್ತುತ್ತಿದ್ದೀರಿ ಎಂದರ್ಥ.

ಚಕ್ರದ ಸ್ಥಿತಿಯೂ ಅಷ್ಟೇ ಮುಖ್ಯ. ಬಹುಕಾಲ ಬಳಸಿದ ಚಕ್ರದ ಮುಖ ಗಾಜಿನಂತೆ ನುಣುಪಾಗಿರುತ್ತದೆ, ಅದು ಕತ್ತರಿಸದೆ ಬರೀ ಉಜ್ಜುತ್ತದೆ, ಉಜ್ಜಿದಷ್ಟೂ ಶಾಖ. ಚಕ್ರವನ್ನು ಕೆರೆದು ಒರಟಾಗಿಸುವ ವಜ್ರದ ಡ್ರೆಸ್ಸರ್‌ನಿಂದ ಮುಖವನ್ನು ಹೊಸದಾಗಿಸಿ, ನಡು ಭಾಗ ತುಸುವೇ ಉಬ್ಬಿರುವಂತೆ ಬಿಡಿ. ಆಗ ಒಂದು ಸಮಯಕ್ಕೆ ಉಕ್ಕಿನ ಸಣ್ಣ ಭಾಗವಷ್ಟೇ ತಾಗುತ್ತದೆ. ಗ್ರೈಂಡರಿನೊಂದಿಗೆ ಬರುವ ಗಟ್ಟಿಯಾದ ಬೂದು ಚಕ್ರದ ಬದಲು ಬೇಗ ಉದುರುವ ಬಿಳಿ ಅಲ್ಯುಮಿನಿಯಂ ಆಕ್ಸೈಡ್ ಚಕ್ರ, 46 ಅಥವಾ 60 ಗ್ರಿಟ್‌ನದು, ಉಳಿಗಳಿಗೆ ಒಳ್ಳೆಯದು. ನುಣುಪು ಚಕ್ರ ತಂಪಾಗಿ ಕೆಲಸ ಮಾಡುತ್ತದೆ ಎಂಬ ನಂಬಿಕೆ ಇದೆ, ವಾಸ್ತವ ಅದರ ತದ್ವಿರುದ್ಧ. ನಿಮ್ಮ ಗ್ರೈಂಡರಿನ ಚಕ್ರದ ಅಂಚು ಸೆಕೆಂಡಿಗೆ 22 ಮೀಟರಿಗಿಂತ ಹೆಚ್ಚು ವೇಗದಲ್ಲಿ ಓಡುತ್ತದೆ. ಇದರ ಅರ್ಧ ವೇಗದ ಯಂತ್ರ ಸಿಕ್ಕರೆ ಕಲಿಯುವವರಿಗೆ ನೆಮ್ಮದಿ, ಆದರೆ ಇರುವುದರಲ್ಲೇ ಹಗುರವಾದ ಕೈಯಿಂದ ಸಾಧಿಸಬಹುದು. ತೋರುಬೆರಳನ್ನು ಬಾಯಿಗೆ ಆದಷ್ಟು ಹತ್ತಿರ, ಚಕ್ರಕ್ಕೆ ತಾಗದಂತೆ, ಅಲಗಿನ ಮೇಲೆ ಇಡಿ. ಬೆರಳಿಗೆ ಬಿಸಿ ತಡೆಯದಂತಾದರೆ ನಿಲ್ಲಿಸಿ, ನೀರಿನಲ್ಲಿ ಅದ್ದಿ.

ನೀಲಿಯಾದದ್ದನ್ನು ಎಸೆಯಬೇಡಿ. ಸಾಮಾನ್ಯ ಇಂಗಾಲದ ಉಕ್ಕಿನ ಉಳಿಗೆ 200 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಹದ ಕೊಟ್ಟಿರುತ್ತಾರೆ. ಸುಮಾರು 220 ಡಿಗ್ರಿ ದಾಟಿದಾಗ ತಿಳಿ ಹುಲ್ಲಿನ ಬಣ್ಣ, 260ರ ಹೊತ್ತಿಗೆ ಕಂದು, 280ರ ಹೊತ್ತಿಗೆ ನೇರಳೆ, 300ರ ಸುತ್ತಮುತ್ತ ನೀಲಿ ಕಾಣಿಸುತ್ತದೆ. ಸ್ಪ್ರಿಂಗ್‌ಗಳನ್ನು ಹದ ಮಾಡುವುದು ಈ ನೀಲಿಯ ಆಸುಪಾಸಿನಲ್ಲಿಯೇ. ಹಾಗಾಗಿ ನೀಲಿಯಾದ ಮೂಲೆ ಉಳಿಗೆ ಬೇಕಾದುದಕ್ಕಿಂತ ಮೆತ್ತಗಾಗಿದೆ, ಬೇಗ ಮಡಚಿಕೊಳ್ಳುತ್ತದೆ, ಅಷ್ಟೇ. ಬಣ್ಣ ಎಂಬುದು ಮೇಲ್ಮೈಯ ತೆಳು ಪದರ. ಅದನ್ನು ಎಮೆರಿ ಕಾಗದದಿಂದ ಉಜ್ಜಿ ಅಳಿಸಿದರೆ ಹದ ಮರಳುವುದಿಲ್ಲ, ನೀಲಿಯಾದ ಮೇಲೆ ನೀರಿಗೆ ಅದ್ದಿದರೂ ಮರಳುವುದಿಲ್ಲ. ಬಣ್ಣ ಬಂದ ಭಾಗ ಮತ್ತು ಅದರ ಹಿಂದಿನ ಒಂದು ಮಿಲಿಮೀಟರನ್ನು ಮೇಲೆ ಹೇಳಿದ ಕ್ರಮದಲ್ಲಿ ನಿಧಾನವಾಗಿ ತೆಗೆದುಬಿಡಿ. ಅನುಮಾನವಿದ್ದರೆ ನುಣುಪಾದ ಅರವನ್ನು ಬಾಯಿಯ ಹತ್ತಿರ ಆಡಿಸಿ ನೋಡಿ: ಹದವಿರುವಲ್ಲಿ ಅರ ಜಾರುತ್ತದೆ, ಹದ ಇಳಿದಲ್ಲಿ ಸಲೀಸಾಗಿ ಕಚ್ಚುತ್ತದೆ.

ಉತ್ತರ: ಕಲ್ಲುಮಟ್ಟ

ಚಕ್ರದ ಬಗ್ಗೆ ಮೇಲಿನವರು ಹೇಳಿದ್ದಕ್ಕೆ ಸೇರಿಸಲು ನನ್ನಲ್ಲಿ ಹೆಚ್ಚೇನೂ ಇಲ್ಲ. ಕಲ್ಲು ಮತ್ತು ಕೀಸುಳಿಯ ಬಗ್ಗೆ ಬರೆಯುತ್ತೇನೆ.

ನಿಮ್ಮ ಕೀಸುಳಿಯ ರೋಗ ಹರಿತದ ಕೊರತೆಯಲ್ಲ, ಕೋನ ಏರಿರುವುದು. ಸಾಮಾನ್ಯ ಕೀಸುಳಿಯಲ್ಲಿ ಅಲಗು 45 ಡಿಗ್ರಿಗೆ ಕುಳಿತಿರುತ್ತದೆ, ಓರೆಮುಖ ಕೆಳಗಿರುತ್ತದೆ. ಬಾಯಿಯನ್ನು 30 ಡಿಗ್ರಿಗೆ ಮಸೆದಿದ್ದರೆ ಅದರ ಹಿಂದೆ, ಮರಕ್ಕೂ ಓರೆಮುಖಕ್ಕೂ ನಡುವೆ, 15 ಡಿಗ್ರಿಯ ಬಿಡುವು ಸಿಗುತ್ತದೆ. ಗೈಡ್ ಇಲ್ಲದೆ ಕೈಯಲ್ಲಿ ಮಸೆಯುವವರು, ಬಾಯಿ ಬೇಗ ಬರಲಿ ಎಂದು ಪ್ರತಿ ಸಲವೂ ಅಲಗಿನ ಹಿಂಭಾಗವನ್ನು ತುಸು ಎತ್ತುತ್ತಾರೆ. ಹತ್ತು ಜನ ಹತ್ತು ಸಲ ಹೀಗೆ ಎತ್ತಿದರೆ ಓರೆಮುಖ ಹೊಟ್ಟೆಯಂತೆ ಉಬ್ಬಿ, ತುದಿಯಲ್ಲಿ ಕೋನ 40 ಡಿಗ್ರಿ ದಾಟುತ್ತದೆ. ಕತ್ತರಿಸಿದ ಮರದ ಎಳೆಗಳು ಅಲಗು ಮುಂದೆ ಹೋದ ಕೂಡಲೇ ತುಸು ಮೇಲೇಳುವುದರಿಂದ, ಉಳಿದ ನಾಲ್ಕೈದು ಡಿಗ್ರಿಯ ಬಿಡುವು ಸಾಲದೆ ಓರೆಮುಖವೇ ಮರಕ್ಕೆ ತಾಗಿ, ಬಾಯಿಯನ್ನು ಮೇಲಕ್ಕೆ ಎತ್ತಿಬಿಡುತ್ತದೆ. ಕೂದಲನ್ನು ಕತ್ತರಿಸುವ ಅಲಗು ಮರದ ಮೇಲೆ ಜಾರುವುದು ಹೀಗೆ. ಕೂದಲ ಪರೀಕ್ಷೆ ಹರಿತವನ್ನಷ್ಟೇ ಹೇಳುತ್ತದೆ, ಕೋನವನ್ನು ಹೇಳುವುದಿಲ್ಲ.

ಕೋನಮಾಪಕವಿಲ್ಲದೆ ಇದನ್ನು ಅಳೆಯಲು ಸುಲಭವಾದ ದಾರಿಯಿದೆ. ಓರೆಮುಖದ ಉದ್ದವನ್ನು ಸ್ಕೇಲಿನಿಂದ ಅಳೆದು ಅಲಗಿನ ದಪ್ಪದೊಂದಿಗೆ ಹೋಲಿಸಿ. ಉದ್ದ ದಪ್ಪದ ಎರಡು ಪಟ್ಟು ಇದ್ದರೆ 30 ಡಿಗ್ರಿ, 2.4 ಪಟ್ಟಿಗೆ ಹತ್ತಿರವಿದ್ದರೆ 25 ಡಿಗ್ರಿ. 4 ಮಿ.ಮೀ. ದಪ್ಪದ ಉಳಿಗೆ 25 ಡಿಗ್ರಿ ಬೇಕಾದರೆ ಓರೆಮುಖ ಸುಮಾರು 9.5 ಮಿ.ಮೀ. ಉದ್ದವಿರಬೇಕು. ಆದರೆ ಓರೆಮುಖ ಚಪ್ಪಟೆಯಾಗಿದ್ದರೆ ಮಾತ್ರ ಈ ಲೆಕ್ಕ ಸರಿ. ಉಬ್ಬಿದ್ದರೆ ಸ್ಕೇಲನ್ನು ನಿಲ್ಲಿಸಿ ಬೆಳಕಿಗೆ ಹಿಡಿದಾಗಲೇ ತಿಳಿಯುತ್ತದೆ.

ಕೋನದ ಬಗ್ಗೆ ನನ್ನ ಸಲಹೆ ನೇರವಾದದ್ದು. ಎಲ್ಲರೂ ಬಳಸುವ ಉಳಿ ಮತ್ತು ಕೀಸುಳಿಗಳನ್ನು ಚಕ್ರದಲ್ಲಿ 25 ಡಿಗ್ರಿಗೆ ರೂಪಿಸಿ, ಕಲ್ಲಿನ ಮೇಲೆ 30 ಡಿಗ್ರಿಗೆ ತುದಿಯನ್ನು ಮಾತ್ರ ಮಸೆಯಿರಿ. ಕೊಡತಿಯಿಂದ ಬಲವಾಗಿ ಹೊಡೆದು ಆಳದ ಕುಳಿ ತೋಡುವ ಉಳಿಯೊಂದಿದ್ದರೆ ಅದಕ್ಕೆ 35 ಡಿಗ್ರಿ. ಕೈಯಿಂದ ಒತ್ತಿ ತೆಳುವಾಗಿ ಸವರುವ ಕೆಲಸಕ್ಕೆ ಮೀಸಲಾದ ಉಳಿಗೆ 25 ಡಿಗ್ರಿಯೇ ಇರಲಿ, ಆದರೆ ಅದರ ಹಿಡಿಗೆ ಬಣ್ಣದ ಪಟ್ಟಿ ಸುತ್ತಿ ಬೇರೆಯಾಗಿ ಇಡಿ, ಇಲ್ಲವಾದರೆ ಯಾರಾದರೂ ಅದರ ಮೇಲೆ ಕೊಡತಿ ಬೀಸಿಯೇ ಬೀಸುತ್ತಾರೆ.

ನಿಮ್ಮಲ್ಲಿರುವ ಬಗೆಯ ಗೈಡಿನಲ್ಲಿ, ಅಲಗು ಗೈಡಿನ ಮುಂದಕ್ಕೆ ಎಷ್ಟು ಚಾಚಿದೆ ಎಂಬುದೇ ಕೋನವನ್ನು ನಿರ್ಧರಿಸುತ್ತದೆ. ಕೆಳಗಿನ ಇಕ್ಕಳದಲ್ಲಿ ಹಿಡಿಯುವ ಉಳಿಗಳಿಗೆ 40 ಮಿ.ಮೀ. ಚಾಚಿದರೆ ಸುಮಾರು 25 ಡಿಗ್ರಿ, 30 ಮಿ.ಮೀ. ಚಾಚಿದರೆ ಸುಮಾರು 30 ಡಿಗ್ರಿ. ಮೇಲಿನ ಇಕ್ಕಳದಲ್ಲಿ ಹಿಡಿಯುವ ಕೀಸುಳಿಯ ಅಲಗಿಗೆ ಅದೇ ಕೋನಗಳಿಗೆ 50 ಮತ್ತು 38 ಮಿ.ಮೀ. ಒಂದು ಹಲಗೆಯ ತುಂಡಿಗೆ ಈ ದೂರಗಳಲ್ಲಿ ಸಣ್ಣ ಅಡ್ಡಪಟ್ಟಿಗಳನ್ನು ಅಂಟಿಸಿ, ಗೈಡನ್ನು ಹಲಗೆಯ ಅಂಚಿಗೆ ಆನಿಸಿ, ಅಲಗು ಅಡ್ಡಪಟ್ಟಿಗೆ ತಾಗುವವರೆಗೆ ತಳ್ಳಿ ಬಿಗಿಗೊಳಿಸಿದರೆ ಯಾರು ಮಸೆದರೂ ಅದೇ ಕೋನ ಬರುತ್ತದೆ. ಗೈಡಿನಿಂದ ಗೈಡಿಗೆ ಒಂದೆರಡು ಡಿಗ್ರಿ ವ್ಯತ್ಯಾಸವಾಗಬಹುದು, ಅದರಿಂದ ನಷ್ಟವಿಲ್ಲ. 30ರ ಬದಲು ಎಲ್ಲರಿಗೂ 31 ಆದರೆ ಕೆಲಸ ನಡೆಯುತ್ತದೆ, ಒಬ್ಬರಿಗೆ 29 ಇನ್ನೊಬ್ಬರಿಗೆ 34 ಆದಾಗಲೇ ಪ್ರತಿಯೊಬ್ಬರೂ ಹೊಸದಾಗಿ ಅರ್ಧ ಗಂಟೆ ಉಜ್ಜಬೇಕಾಗುವುದು.

ಇನ್ನು ಕಲ್ಲು. ತಗ್ಗಾದ ಕಲ್ಲಿನ ಮೇಲೆ ಉಳಿಯ ಬೆನ್ನನ್ನು ಮಸೆದರೆ ಬೆನ್ನು ಉಬ್ಬುತ್ತದೆ, ಮತ್ತು ಬೆನ್ನು ಚಪ್ಪಟೆಯಿಲ್ಲದ ಉಳಿ ನೇರವಾಗಿ ಸವರುವುದಿಲ್ಲ. ದಪ್ಪ ಗಾಜಿನ ಹಲಗೆಯ ಮೇಲೆ ಒರಟಾದ ಸಿಲಿಕಾನ್ ಕಾರ್ಬೈಡ್ ಕಾಗದವನ್ನು ನೀರಿನಿಂದ ಅಂಟಿಸಿ, ಕಲ್ಲಿನ ಮುಖದ ತುಂಬ ಪೆನ್ಸಿಲಿನಿಂದ ಚೌಕಗಳನ್ನು ಗೀಚಿ, ಎಲ್ಲ ಗೆರೆಗಳೂ ಅಳಿಯುವವರೆಗೆ ಉಜ್ಜಿ. ಪ್ರತಿ ಬಾರಿ ಬಳಸುವ ಮೊದಲು ಹೀಗೆ ಅರ್ಧ ನಿಮಿಷ ಉಜ್ಜಿದರೆ ಮುಂದೆ ಅದು ದೊಡ್ಡ ಕೆಲಸವಾಗಿ ಎದುರಾಗುವುದಿಲ್ಲ. ಉಳಿಯ ಬೆನ್ನನ್ನು ಪೂರ್ತಿ ಉದ್ದಕ್ಕೂ ಕನ್ನಡಿಯಂತೆ ಮಾಡುವ ಅಗತ್ಯವಿಲ್ಲ, ಬಾಯಿಯ ಹಿಂದಿನ 20ರಿಂದ 25 ಮಿ.ಮೀ. ಚಪ್ಪಟೆಯಾಗಿದ್ದರೆ ಸಾಕು. ಕೀಸುಳಿಯ ಅಲಗಿಗಾದರೆ ಅದಕ್ಕಿಂತಲೂ ಸುಲಭ: 0.5 ಮಿ.ಮೀ. ದಪ್ಪದ ಉಕ್ಕಿನ ಸ್ಕೇಲನ್ನು ನುಣುಪು ಕಲ್ಲಿನ ಒಂದು ಅಂಚಿನಲ್ಲಿ ಮಲಗಿಸಿ, ಅಲಗಿನ ಬೆನ್ನನ್ನು ಅದರ ಮೇಲೆ ಆನಿಸಿ, ಬಾಯಿಯನ್ನು ಮಾತ್ರ ಕಲ್ಲಿಗೆ ತಾಗಿಸಿದರೆ ಅರ್ಧ ಡಿಗ್ರಿಯಷ್ಟೇ ಎತ್ತರದಲ್ಲಿ ತುದಿ ಮಾತ್ರ ನುಣುಪಾಗುತ್ತದೆ. ಈ ಉಪಾಯವನ್ನು ಉಳಿಗೆ ಎಂದೂ ಬಳಸಬೇಡಿ, ಉಳಿಯ ಬೆನ್ನೇ ಅದಕ್ಕೆ ದಾರಿ ತೋರಿಸುವ ಮಟ್ಟ.

ಎಮೆರಿ ಕಾಗದವನ್ನೂ ಬಳಸುವುದಾದರೆ ಗ್ರಿಟ್ ಸಂಖ್ಯೆಯನ್ನು ಕಣ್ಣುಮುಚ್ಚಿ ನಂಬಬೇಡಿ. ಪಿ ಅಕ್ಷರವಿರುವ ಪಿ 1000 ಕಾಗದದ ಕಣ ಸುಮಾರು 18 ಮೈಕ್ರಾನ್, ಪಿ ಇಲ್ಲದ ಅಮೆರಿಕನ್ ಕ್ರಮದ 1000 ಕಾಗದದ ಕಣ ಸುಮಾರು 9 ಮೈಕ್ರಾನ್, ಅಂದರೆ ಅರ್ಧ.

ಉತ್ತರ: ಬರಿಗೈ

ಗೈಡಿನ ಮೇಲೆ ಇಷ್ಟು ಭಾರ ಹೇರುವುದನ್ನು ನಾನು ಒಪ್ಪುವುದಿಲ್ಲ. 6 ಮಿ.ಮೀ. ಉಳಿಯನ್ನು ಆ ಗೈಡಿನಲ್ಲಿ ಹಿಡಿದು ನೋಡಿ, ಅದು ಪಕ್ಕಕ್ಕೆ ವಾಲಿ ಬಾಯಿಯನ್ನು ಮತ್ತೆ ಓರೆ ಮಾಡುತ್ತದೆ. ಗೈಡಿನ ಗಾಲಿ ಸದಾ ಕಲ್ಲಿನ ಮೇಲೆಯೇ ಉರುಳುವುದರಿಂದ ಕಲ್ಲಿನ ಒಂದೇ ಭಾಗ ಸವೆಯುವುದೂ ಇದೆ.

ಚಕ್ರದಲ್ಲಿ ರೂಪಿಸಿದ ಓರೆಮುಖ ಚಕ್ರದ ದುಂಡಿಗೆ ತಕ್ಕಂತೆ ನಡುವೆ ತುಸು ತಗ್ಗಾಗಿರುತ್ತದೆ. 3 ಮಿ.ಮೀ. ದಪ್ಪದ ಅಲಗಿನಲ್ಲಿ, 150 ಮಿ.ಮೀ. ಚಕ್ರದಿಂದ, ಆ ತಗ್ಗಿನ ಆಳ 0.1 ಮಿ.ಮೀ.ಗಿಂತಲೂ ಕಡಿಮೆ. ಆದರೂ ಕಲ್ಲಿನ ಮೇಲೆ ಇಟ್ಟಾಗ ಅಲಗು ಹಿಂದಿನ ಅಂಚು ಮತ್ತು ಬಾಯಿ ಎಂಬ ಎರಡು ಗೆರೆಗಳ ಮೇಲೆ ತಾನಾಗಿ ಕೂರುತ್ತದೆ, ಕೂತದ್ದು ಬೆರಳಿಗೆ ಸ್ಪಷ್ಟವಾಗಿ ತಿಳಿಯುತ್ತದೆ. ಹಾಗೆಯೇ ಹಿಡಿದು ಹತ್ತು ಬಾರಿ ಎಳೆದರೆ ಕೆಲಸ ಮುಗಿಯಿತು, ಗೈಡೂ ಬೇಡ, ಅಡ್ಡಪಟ್ಟಿಯ ಹಲಗೆಯೂ ಬೇಡ.

ಉತ್ತರ: ಕಲ್ಲುಮಟ್ಟ

ಕಿರಿದಾದ ಉಳಿಯ ಬಗ್ಗೆ ತಾವು ಹೇಳಿದ್ದು ನಿಜ. 10 ಮಿ.ಮೀ.ಗಿಂತ ಕಿರಿದಾದ ಉಳಿಗಳನ್ನು ನಾನೂ ಕೈಯಲ್ಲಿಯೇ, ಚಿಕ್ಕ ಚಿಕ್ಕ ಎಳೆತಗಳಲ್ಲಿ ಮಸೆಯುತ್ತೇನೆ.

ಆದರೆ ತಗ್ಗಾದ ಓರೆಮುಖದ ಇನ್ನೊಂದು ಲೆಕ್ಕವನ್ನು ತಾವು ಬಿಟ್ಟಿದ್ದೀರಿ. ಅದೇ 3 ಮಿ.ಮೀ. ಅಲಗನ್ನು 150 ಮಿ.ಮೀ. ಚಕ್ರದಲ್ಲಿ 25 ಡಿಗ್ರಿಗೆ ರೂಪಿಸಿದಾಗ, ಬಾಯಿಯ ತುತ್ತತುದಿಯಲ್ಲಿ ಉಕ್ಕಿನ ಕೋನ ಸುಮಾರು 22 ಡಿಗ್ರಿ ಮಾತ್ರ ಇರುತ್ತದೆ. ತುದಿಯನ್ನು ಎತ್ತದೆ ಎರಡು ಗೆರೆಗಳ ಮೇಲೆಯೇ ಮಸೆದರೆ ಬಾಯಿ 25 ಡಿಗ್ರಿಗೆ ಬರುತ್ತದೆ. ತಮ್ಮ ಕೈಯಲ್ಲಿ ಅದು ಬಾಳೀತು. ಗಟ್ಟಿ ಮರಕ್ಕೆ ಇಟ್ಟು ಕೊಡತಿಯಿಂದ ಹೊಡೆಯುವ ಹೊಸಬರ ಕೈಯಲ್ಲಿ ಅದೇ ಬಾಯಿ ಒಂದು ಮಧ್ಯಾಹ್ನದೊಳಗೆ ಪುಡಿಯಾಗುತ್ತದೆ. ಅಲ್ಲದೆ, ಪ್ರಶ್ನೆ ಕೇಳಿದವರ ಕಷ್ಟ ಒಬ್ಬ ನುರಿತವರು ಹೇಗೆ ಮಸೆಯಬೇಕು ಎಂಬುದಲ್ಲ. 20 ಜೊತೆ ಕೈಗಳು ಒಂದೇ ಉಳಿಯನ್ನು ಹೇಗೆ ಕೆಡಿಸದೆ ಇರಬೇಕು ಎಂಬುದು.

ಉತ್ತರ: ಬರಿಗೈ

ಒಪ್ಪಿದೆ. ಹೊಸಬರು ಗೈಡಿನಲ್ಲಿಯೇ ಆರಂಭಿಸಲಿ. ಆದರೆ ಒಂದು ವಿಷಯವನ್ನು ಗೈಡ್ ಕಲಿಸುವುದಿಲ್ಲ: ಬರ್ ಎದ್ದಿದೆಯೇ ಎಂದು ನೋಡುವುದು. ಓರೆಮುಖವನ್ನು ಮಸೆದಾಗ ಉಕ್ಕು ಬಾಯಿಯ ಆಚೆಗೆ ಮಡಚಿ, ಬೆನ್ನಿನ ಕಡೆ ಸಣ್ಣ ಗರಿಯಂತೆ ಏಳಬೇಕು. ಹೆಬ್ಬೆರಳನ್ನು ಬೆನ್ನಿನಿಂದ ಬಾಯಿಯ ಆಚೆಗೆ (ಬಾಯಿಯ ಉದ್ದಕ್ಕೆ ಅಲ್ಲ) ಮೆಲ್ಲನೆ ಜಾರಿಸಿದರೆ ಅದು ತಡೆಯುತ್ತದೆ. ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೂ ಅದು ಸಿಗುವ ತನಕ 6000 ಗ್ರಿಟ್‌ನ ಕಲ್ಲನ್ನು ಮುಟ್ಟಬೇಡಿ. ಹರಿತವಾಗಲಿಲ್ಲ ಎಂದು ದೂರುವವರಲ್ಲಿ ಮುಕ್ಕಾಲು ಮಂದಿ ಇಲ್ಲಿಯೇ ಅವಸರ ಮಾಡಿರುತ್ತಾರೆ ಎಂಬುದು ನನ್ನ ಅನುಭವ.

ಮರುಪ್ರಶ್ನೆ: ಮೊಂಡುಳಿ

ಎಲ್ಲರಿಗೂ ಕೃತಜ್ಞತೆಗಳು. ಮೊದಲು ಮೊಂಡು ಮಾಡುವ ಕ್ರಮದಲ್ಲಿ ಕಚ್ಚು ಬಿದ್ದ ಉಳಿಯನ್ನು ನಿನ್ನೆ ಸರಿಪಡಿಸಿದೆ. ಚಕ್ರದ ಮುಂದೆ ಹದಿನೈದು ನಿಮಿಷ, ಕಲ್ಲಿನ ಮುಂದೆ ಹತ್ತು ನಿಮಿಷ ಹಿಡಿಯಿತು, ಎಲ್ಲಿಯೂ ಬಣ್ಣ ಬರಲಿಲ್ಲ. ಕೀಸುಳಿಯ ಓರೆಮುಖವನ್ನು ಅಳೆದು ನೋಡಿದರೆ ತುದಿಯ ಕೋನ 40ಕ್ಕಿಂತ ಹೆಚ್ಚೇ ಇದ್ದಂತಿದೆ, ಅದನ್ನು ಈ ವಾರ 25ಕ್ಕೆ ಇಳಿಸುತ್ತೇನೆ.

ಇನ್ನೆರಡು ಸಂದೇಹಗಳು ಉಳಿದಿವೆ. ನಮ್ಮಲ್ಲಿ ಹಳೆಯ ಕೀಸುಳಿ ಇನ್ನೊಂದಿದೆ. ಒರಟು ಹಲಗೆಗಳನ್ನು ಬೇಗ ಇಳಿಸಲು ಅದರ ಅಲಗಿನ ಬಾಯಿಯನ್ನು ಕಮಾನಿನಂತೆ ಬಾಗಿಸಬೇಕೆಂದು ಕೇಳಿದ್ದೇನೆ, ಎಷ್ಟು ಬಾಗಿಸಬೇಕು? ಎರಡನೆಯದು, ಗ್ರೈಂಡರನ್ನು ಎಲ್ಲರೂ ಬಳಸಲು ಬಿಡುವುದು ಸರಿಯೇ?

ಉತ್ತರ: ಸಾಣೆಚಕ್ರ

ಒರಟು ಕೆಲಸದ ಕೀಸುಳಿಗೆ 200ರಿಂದ 250 ಮಿ.ಮೀ. ತ್ರಿಜ್ಯದ ಕಮಾನು ಸಾಕು. 50 ಮಿ.ಮೀ. ಅಗಲದ ಅಲಗಿನಲ್ಲಿ 250 ಮಿ.ಮೀ. ತ್ರಿಜ್ಯವೆಂದರೆ ನಡುವಿಗಿಂತ ಮೂಲೆಗಳು ಸುಮಾರು 1.25 ಮಿ.ಮೀ. ಹಿಂದಿರುತ್ತವೆ, 200 ಆದರೆ ಸುಮಾರು 1.6 ಮಿ.ಮೀ. ತೆಳು ರಟ್ಟಿನಲ್ಲಿ ಒಂದು ಮಾದರಿ ಕತ್ತರಿಸಿ, ಅಲಗಿನ ಬೆನ್ನಿನ ಮೇಲೆ ಶಾಯಿ ಬಳಿದು, ಕಮಾನನ್ನು ಗೀರಿ. ಇಲ್ಲಿಯೂ ಅದೇ ಕ್ರಮ: ಮೊದಲು ಅಡ್ಡ ಹಿಡಿದು ಕಮಾನಿನ ಆಕಾರಕ್ಕೆ ಮೊಂಡು ಮಾಡಿ, ಆಮೇಲೆ ಟೂಲ್ ರೆಸ್ಟನ್ನು ಓರೆ ಮಾಡಿ, ಅಲಗನ್ನು ಎಡಬಲಕ್ಕೆ ತಿರುಗಿಸುತ್ತಾ ಓರೆಮುಖವನ್ನು ರೂಪಿಸಿ. ಮೂಲೆಗಳಲ್ಲಿ ತೆಗೆಯಬೇಕಾದ ಉಕ್ಕು ಹೆಚ್ಚು, ಅಲ್ಲಿಯೇ ಸುಡುವ ಸಂಭವವೂ ಹೆಚ್ಚು, ಆದ್ದರಿಂದ ನಡುಭಾಗವನ್ನು ಕೊನೆಗೆ ಇಟ್ಟುಕೊಳ್ಳಿ. ನುಣುಪು ಕೆಲಸದ ಕೀಸುಳಿಗೆ ಇಷ್ಟು ಕಮಾನು ಬೇಡವೇ ಬೇಡ. ಕಲ್ಲಿನ ಮೇಲೆ ಮಸೆಯುವಾಗ ಎರಡು ಮೂಲೆಗಳ ಮೇಲೆ ಬೆರಳಿನಿಂದ ನಾಲ್ಕು ಎಳೆತ ಹೆಚ್ಚು ಒತ್ತಿದರೆ ಸಾಕಾಗುತ್ತದೆ.

ಗ್ರೈಂಡರಿನ ಬಗ್ಗೆ ನನ್ನ ಅಭಿಪ್ರಾಯ ಕಠಿಣವಾಗಿದೆ: ಎಲ್ಲರಿಗೂ ಬೇಡ. ಕಲ್ಲಿನ ಮೇಲೆ ಮಾಡಿದ ತಪ್ಪನ್ನು ಐದು ನಿಮಿಷದಲ್ಲಿ ತಿದ್ದಬಹುದು. ಚಕ್ರದ ಮೇಲೆ ಐದು ಸೆಕೆಂಡಿನಲ್ಲಿ ಮಾಡಿದ ತಪ್ಪು ಉಳಿಯ ಆಯುಸ್ಸಿನಲ್ಲಿ ಒಂದೆರಡು ವರ್ಷವನ್ನೇ ತಿಂದುಹಾಕುತ್ತದೆ. ನಿಮ್ಮಲ್ಲಿ ಮೂರು ನಾಲ್ಕು ಮಂದಿ ಅದನ್ನು ಚೆನ್ನಾಗಿ ಕಲಿತು, ಉಳಿದವರ ಉಪಕರಣಗಳಿಗೂ ಅವರೇ ಆಕಾರ ಕೊಡಲಿ. 30 ಡಿಗ್ರಿಗೆ ಮಸೆದ ಕಿರಿದಾದ ತುದಿ, ಮಸೆಯುತ್ತಾ ಮಸೆಯುತ್ತಾ ಅಗಲವಾಗಿ ಓರೆಮುಖದ ಮೂರನೇ ಒಂದು ಭಾಗವನ್ನು ಆವರಿಸಿದಾಗ ಮಾತ್ರ ಚಕ್ರಕ್ಕೆ ಹೋಗಬೇಕಾಗುವುದರಿಂದ ಇದು ಅವರಿಗೂ ದೊಡ್ಡ ಹೊರೆಯಾಗದು.

ಆ ಮೂರು ನಾಲ್ಕು ಮಂದಿಗೆ ಅಪಾಯದ ವಿಷಯವನ್ನೂ ಹೇಳಿಬಿಡುತ್ತೇನೆ. ಚಕ್ರಕ್ಕೂ ಟೂಲ್ ರೆಸ್ಟಿಗೂ ನಡುವಿನ ಸಂದು 3 ಮಿ.ಮೀ. ಮೀರಬಾರದು, ಚಕ್ರ ಸವೆದಂತೆ ರೆಸ್ಟನ್ನು ಮುಂದಕ್ಕೆ ಸರಿಸುತ್ತಾ ಇರಬೇಕು, ಇಲ್ಲವಾದರೆ ಚಿಕ್ಕ ಉಪಕರಣ ಆ ಸಂದಿಗೆ ಎಳೆದುಕೊಂಡು ಹೋಗಿ ಚಕ್ರವೇ ಒಡೆಯಬಹುದು. ಮೇಲಿನ ತಡೆಪಟ್ಟಿಯ ಸಂದು 6 ಮಿ.ಮೀ. ಮೀರಬಾರದು. ಹೊಸ ಚಕ್ರವನ್ನು ಜೋಡಿಸುವ ಮೊದಲು ಬೆರಳಿನ ಮೇಲೆ ತೂಗಿಸಿ, ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ಮೆಲ್ಲನೆ ತಟ್ಟಿ. ಗಂಟೆಯಂತೆ ನಾದ ಬಂದರೆ ಸರಿ, ಒಡಕು ಮಡಕೆಯ ಸದ್ದು ಬಂದರೆ ಆ ಚಕ್ರವನ್ನು ಯಾರೂ ಬಳಸದಂತೆ ಒಡೆದುಹಾಕಿ. ಯಂತ್ರವನ್ನು ಚಾಲೂ ಮಾಡಿದ ಮೇಲೆ ಒಂದು ನಿಮಿಷ ಚಕ್ರದ ನೇರಕ್ಕೆ ನಿಲ್ಲದೆ ಪಕ್ಕದಲ್ಲಿ ನಿಂತು, ಆನಂತರವೇ ಕೆಲಸಕ್ಕೆ ತೊಡಗಿ. ಕಣ್ಣಿಗೆ ಕನ್ನಡಕ ಬೇಕು, ಕೈಗೆ ಕೈಗವಸು ಬೇಡ. ಚಕ್ರದ ಪಕ್ಕದ ಮುಖದ ಮೇಲೆ ಸಾಣೆ ಹಿಡಿಯಬೇಡಿ. ಅಲ್ಯುಮಿನಿಯಂ, ಹಿತ್ತಾಳೆ, ಮರ ಯಾವುದನ್ನೂ ಆ ಚಕ್ರಕ್ಕೆ ತಾಗಿಸಬೇಡಿ, ಮೆತ್ತನೆಯ ಲೋಹ ಚಕ್ರದ ರಂಧ್ರಗಳಲ್ಲಿ ತುಂಬಿಕೊಂಡರೆ ಮುಂದಿನ ಉಳಿ ಸುಡುವುದು ಖಚಿತ.

ಉತ್ತರ: ಗೂಡುಪಟ್ಟಿ

ನಾನೂ ಇಂಥದೇ ಒಂದು ಕಾರ್ಯಾಗಾರದ ಉಪಕರಣಗಳ ಉಸ್ತುವಾರಿ ನೋಡಿದವನು. ಗೋಡೆಗೆ ಉದ್ದುದ್ದ ನಿಯಮಪಟ್ಟಿ ಅಂಟಿಸಿದೆವು, ಯಾರೂ ಓದಲಿಲ್ಲ. ಕೆಲಸಕ್ಕೆ ಬಂದದ್ದು ಎರಡೇ ಸಂಗತಿಗಳು. ಉಳಿಗಳ ಗೂಡಿನ ಪಕ್ಕದಲ್ಲಿ ‘ಮೊಂಡಾಗಿವೆ’ ಎಂದು ಬರೆದ ಇನ್ನೊಂದು ಗೂಡನ್ನು ಇಟ್ಟೆವು. ಮಸೆಯಲು ಬಾರದವರು, ಸಮಯವಿಲ್ಲದವರು ಮೊಂಡಾದ ಉಳಿಯನ್ನು ನಾಚಿಕೆಯಿಲ್ಲದೆ ಅದರಲ್ಲಿ ಇಟ್ಟುಹೋಗಬಹುದಿತ್ತು. ಅದಕ್ಕೂ ಮೊದಲು ಅವರು ಅದನ್ನು ಹರಿತವಾದವುಗಳ ನಡುವೆಯೇ ಮರಳಿ ಸಿಕ್ಕಿಸುತ್ತಿದ್ದರು ಅಥವಾ ಅರೆಬರೆ ಮಸೆದು ಕೆಡಿಸುತ್ತಿದ್ದರು. ಎರಡನೆಯದು, ಕಲ್ಲು, ಗೈಡ್, ಅಡ್ಡಪಟ್ಟಿಯ ಹಲಗೆ ಮೂರನ್ನೂ ಒಂದೇ ಮೇಜಿಗೆ ಕಾಯಂ ಆಗಿ ಜೋಡಿಸಿಟ್ಟೆವು. ಪೆಟ್ಟಿಗೆಯಿಂದ ತೆಗೆದು, ನೆನೆಸಿ, ಹೊಂದಿಸಬೇಕಾದರೆ ಯಾರೂ ಮಸೆಯುವುದಿಲ್ಲ. ಎರಡು ಹೆಜ್ಜೆ ದೂರದಲ್ಲಿ ಸಿದ್ಧವಾಗಿದ್ದರೆ ಕೆಲಸದ ನಡುವೆಯೇ ಎದ್ದುಹೋಗಿ ಒಂದು ನಿಮಿಷ ಮಸೆದು ಬರುತ್ತಾರೆ.

ಮೊದಲ ಗ್ರಿಟ್‌ನ ಕೆಸರು ನುಣುಪು ಕಲ್ಲಿಗೆ ಹೋಗದಂತೆ ಎರಡು ಕಲ್ಲುಗಳಿಗೆ ಬೇರೆ ಬೇರೆ ಬಟ್ಟೆಗಳಿರಲಿ. ಮಸೆದ ಮೇಲೆ ಅಲಗನ್ನು ಒರೆಸಿ ಎಣ್ಣೆಯ ಬಟ್ಟೆಯನ್ನು ಸವರಿ ಇಡುವುದನ್ನು ಮರೆಯಬೇಡಿ, ನೀರಿನ ಕಲ್ಲಿನಿಂದ ಬಂದ ಉಳಿ ಒಂದೇ ರಾತ್ರಿಯಲ್ಲಿ ತುಕ್ಕು ಹಿಡಿಯಬಲ್ಲದು.

ಪ್ರಶ್ನೆ ಕೇಳಿದವರಿಂದ: ಮೊಂಡುಳಿ

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. 8 ಉಳಿಗಳಲ್ಲಿ 7 ಈಗ 25 ಮತ್ತು 30 ಡಿಗ್ರಿಯಲ್ಲಿವೆ. 6 ಮಿ.ಮೀ. ಉಳಿಯನ್ನು ಸರಿಪಡಿಸುವಾಗ ನಾನೇ ಒಮ್ಮೆ ಮತ್ತೆ ನೀಲಿ ಮಾಡಿದೆ, ಬೆರಳನ್ನು ತುಂಬ ಹಿಂದೆ ಇಟ್ಟುಕೊಂಡಿದ್ದೆ. ಇನ್ನೂ 2 ಮಿ.ಮೀ. ಗಿಡ್ಡವಾದ ಮೇಲೆ ಅದೂ ಸರಿಹೋಗುವ ಹಾದಿಯಲ್ಲಿದೆ. ಕೀಸುಳಿಯ ಅಲಗನ್ನು ಇಳಿಸಿದ ಮೇಲೆ ಮೊದಲ ಎಳೆತಕ್ಕೇ ಹಲಗೆಯ ಉದ್ದಕ್ಕೂ ಒಂದೇ ಹೂವು ಎದ್ದಿತು. ಅಡ್ಡಪಟ್ಟಿಯ ಹಲಗೆಯ ಮೇಲೆ 30, 38, 40, 50 ಎಂದು ದೊಡ್ಡದಾಗಿ ಬರೆದು ಮೇಜಿಗೆ ತಿರುಪು ಹಾಕಿ ಕೂರಿಸಿದ್ದೇವೆ. ಮೊಂಡಾದವುಗಳ ಗೂಡನ್ನೂ ಇಟ್ಟಿದ್ದೇವೆ, ಮೊದಲ ದಿನವೇ ಅದರಲ್ಲಿ ಮೂರು ಉಳಿಗಳು ಬಂದು ಕುಳಿತವು. ಅದರಲ್ಲೊಂದರ ಬಾಯಿಯಲ್ಲಿ ಬಣ್ಣ ಮೆತ್ತಿಕೊಂಡಿದ್ದನ್ನು ನೋಡಿ, ಬಣ್ಣದ ಡಬ್ಬಿಗಳ ಮುಚ್ಚಳ ತೆರೆಯಲು ಒಂದು ಹಳೆಯ ಸ್ಕ್ರೂಡ್ರೈವರನ್ನು ದಾರ ಕಟ್ಟಿ ಕಪಾಟಿಗೆ ತೂಗುಹಾಕಿದ್ದೇವೆ.